ಮೊದಲು ಯಾವ ಡೇಟಾಬೇಸ್ ಕಲಿಯಲಿ? ಮೈಎಸ್‌ಕ್ಯೂಎಲ್ಲಾ, ಪೋಸ್ಟ್‌ಗ್ರೆಸ್ಸಾ, ಎಸ್‌ಕ್ಯೂಲೈಟಾ?

ಇದೇ ಪ್ರಶ್ನೆ ಹಿಡಿದು ನಾನು ಮೂರು ತಿಂಗಳು ಕಳೆದಿದ್ದೇನೆ. ಮೈಎಸ್‌ಕ್ಯೂಎಲ್ ಹಾಕಿದೆ, ತೆಗೆದೆ. ಪೋಸ್ಟ್‌ಗ್ರೆಸ್ ಹಾಕಿದೆ, ಪಾಸ್‌ವರ್ಡ್ ಮರೆತೆ, ಮತ್ತೆ ಹಾಕಿದೆ. ಯಾವುದು ಜಾಸ್ತಿ ವೇಗ ಅಂತ ಓದಿದ್ದೇ ಓದಿದ್ದು. ಟೇಬಲ್ ಹೇಗೆ ಮಾಡಬೇಕು ಅಂತ ಮಾತ್ರ ಒಂದು ದಿನವೂ ಕೂತು ಕಲಿಯಲಿಲ್ಲ.

ಆಮೇಲೆ ಒಂದು ಲೈಬ್ರರಿಗೆ ಪ್ರೋಗ್ರಾಂ ಮಾಡಿಕೊಟ್ಟೆ. ಸದಸ್ಯರ ಟೇಬಲ್‌ನಲ್ಲೇ ‘ಪುಸ್ತಕಗಳು’ ಅಂತ ಒಂದು ಕಾಲಂ ಇಟ್ಟು, ಯಾರು ಏನು ತೆಗೆದುಕೊಂಡರೂ ಅದರಲ್ಲೇ ‘12,31,40’ ಅಂತ ಕಾಮಾ ಹಾಕಿ ತುಂಬಿದೆ. ಸುಲಭ ಅನ್ನಿಸಿತ್ತು. 3ನೇ ನಂಬರಿನ ಪುಸ್ತಕ ಯಾರ ಹತ್ತಿರ ಇದೆ ಅಂತ ಹುಡುಕಲು ಲೈಕ್ '%3%' ಬರೆದೆ. ಅದು ನಂಬರ್ ನೋಡುವುದಿಲ್ಲ, ಅಕ್ಷರ ನೋಡುತ್ತದೆ. ಹಿಂದೆ ಮುಂದೆ ಏನಿದ್ದರೂ ಸರಿ, 3 ಕಂಡರೆ ಸಾಕು. 13, 31, 130 ಎಲ್ಲವೂ ಬಂದವು. ಎರಡೂ ಕಡೆ ಕಾಮಾ ಸೇರಿಸಿ ಹುಡುಕಿದರೆ ಪಟ್ಟಿಯ ಮೊದಲನೆಯದೂ ಕೊನೆಯದೂ ತಪ್ಪಿಹೋದವು. ಒಬ್ಬರು ಪುಸ್ತಕ ವಾಪಸ್ ಕೊಟ್ಟರೆ ಇಡೀ ಪಟ್ಟಿ ಒಡೆದು ಮತ್ತೆ ಕಟ್ಟಬೇಕು. ಕೊಟ್ಟ ತಾರೀಖು ಬರೆಯಲು ಜಾಗವೇ ಇಲ್ಲ. ಕೊನೆಗೆ ವಯಸ್ಸಾದವರೊಬ್ಬರು ದಂಡದ ಚೀಟಿ ಹಿಡಿದು ಬಂದರು. ಪುಸ್ತಕದ ಹೆಸರಿನ ಮೇಲೆ ಬೆರಳಿಟ್ಟು, ‘ಇದನ್ನು ನಾನು ನೋಡೇ ಇಲ್ಲ’ ಅಂದರು. ನಿಜ. ಅವರ ಹತ್ತಿರ ಇದ್ದದ್ದು 31.

ಬೇಕಿದ್ದದ್ದು ಸದಸ್ಯರದ್ದೊಂದು, ಪುಸ್ತಕಗಳದ್ದೊಂದು ಅಲ್ಲದೆ ‘ಎರವಲು’ ಅನ್ನುವ ಮೂರನೇ ಟೇಬಲ್. ಒಂದು ಸಾಲಿಗೆ ಒಬ್ಬ ಸದಸ್ಯ, ಒಂದು ಪುಸ್ತಕ, ಕೊಟ್ಟ ತಾರೀಖು. ಖಾನೆಯೊಳಗಿನ ಪಟ್ಟಿಯನ್ನು ಹೀಗೆ ಬೇರೆ ಮಾಡುವುದನ್ನು ಟೇಬಲ್‌ಗಳ ಡೇಟಾಬೇಸ್ ಅನ್ನುವ ಕಲ್ಪನೆ ಕೊಟ್ಟ ಎಡ್ಗರ್ ಕಾಡ್ 1970ರಲ್ಲೇ ತೋರಿಸಿದ್ದರು. ನಾನು ಯಾವ ಡೇಟಾಬೇಸ್ ಆರಿಸಿದ್ದರೂ ಈ ತಪ್ಪು ಆಗುತ್ತಿತ್ತು, ಅಲ್ವಾ?

ಹಾಗಾಗಿ ‘ಯಾವುದು ಮೊದಲು’ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಇವತ್ತೇ ಎಸ್‌ಕ್ಯೂಲೈಟ್ ಹಿಡಿಯಿರಿ. ಸರ್ವರ್ ಇಲ್ಲ, ಪಾಸ್‌ವರ್ಡ್ ಇಲ್ಲ, ಇಡೀ ಡೇಟಾಬೇಸ್ ಒಂದೇ ಫೈಲ್. ಆದರೆ ಫಾರಿನ್ ಕೀ ಪರೀಕ್ಷೆ (ಎರವಲಿನಲ್ಲಿ ಬರೆದ ಸದಸ್ಯ, ಪುಸ್ತಕ ಆಯಾ ಟೇಬಲ್‌ನಲ್ಲಿ ನಿಜಕ್ಕೂ ಇದೆಯಾ ಅಂತ ನೋಡುವುದು) ಅದರಲ್ಲಿ ಸಾಮಾನ್ಯವಾಗಿ ಆಫ್ ಇರುತ್ತದೆ. ಪ್ರತಿ ಕನೆಕ್ಷನ್‌ನಲ್ಲೂ ಪ್ರಾಗ್ಮಾ ಅನ್ನುವ ಸೆಟ್ಟಿಂಗ್ ಆದೇಶ ಕೊಟ್ಟು ಆನ್ ಮಾಡಲೇಬೇಕು. ನಂಬರ್ ಕಾಲಂಗೆ ಹೆಸರು ಹಾಕಿದರೂ ಸುಮ್ನೆ ತೆಗೆದುಕೊಳ್ಳುತ್ತದೆ, ಅದೂ ಗಮನದಲ್ಲಿರಲಿ. ಮೂರು ಟೇಬಲ್‌ಗಳನ್ನು ಜೋಡಿಸಿ ಓದುವ ಜಾಯಿನ್ ನೋಡದೆ ಬರೆಯಲು ಬಂದ ಮೇಲೆ ಪೋಸ್ಟ್‌ಗ್ರೆಸ್‌ಗೆ ಹೋಗಿ, ನಂಬರ್ ಕಾಲಂಗೆ ಹೆಸರು ಹಾಕುವಂಥ ತಪ್ಪನ್ನು ಅದು ಒಳಗೇ ಬಿಡುವುದಿಲ್ಲ. ಮೈಎಸ್‌ಕ್ಯೂಎಲ್ ಕೆಲಸದಲ್ಲಿ ಎದುರಾದಾಗ ಕಲಿತರೆ ಸಾಕು.

ನೀವು ಏನು ಮಾಡಬೇಕು ಅಂದುಕೊಂಡಿದ್ದೀರಿ ಹೇಳಿ. ಟೇಬಲ್‌ಗಳನ್ನು ಮೊದಲು ಪೇಪರ್ ಮೇಲೆ ಬರೆದು ಕಳಿಸಿ, ನಾನು ನೋಡುತ್ತೇನೆ.