ಲೋಟದ ಅಡಿಯ ಕೆಂಪು ಚುಕ್ಕಿ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಚೊಚ್ಚಲ ಬಸಿರು, ಐದನೇ ತಿಂಗಳು. ತಾಯಿ ಕಾರ್ಡ್ ಜೊತೆಗಿದ್ದ ರಕ್ತಪರೀಕ್ಷೆಯ ಚೀಟಿಯಲ್ಲಿ ಹೆಪಟೈಟಿಸ್ ಬಿ (ಲಿವರ್‌ಗೆ ತಗುಲುವ ವೈರಸ್) ಪಾಸಿಟಿವ್. ಜ್ವರ ಇಲ್ಲ, ಕಾಮಾಲೆ ಇಲ್ಲ. "ಮೊನ್ನೆವರೆಗೂ ಹೊಲಕ್ಕೆ ಹೋಗಿದ್ದೀನಿ ಮೇಡಂ, ನನಗೆಲ್ಲಿ ಕಾಯಿಲೆ?" ಅಂದರು. ಪಕ್ಕದಲ್ಲಿದ್ದ ಗಂಡ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು.

ಮನೆಯಲ್ಲಿ ಅತ್ತೆ ಸೊಸೆಯ ಲೋಟದ ಅಡಿಗೆ ನೇಲ್ ಪಾಲಿಶ್ ಚುಕ್ಕಿ ಇಟ್ಟಿದ್ದಾರೆ. ತಟ್ಟೆಯೂ ಬೇರೆ. ಗಂಡನನ್ನು ಸ್ವಲ್ಪ ಹೊರಗೆ ಕಳಿಸಿದ ಮೇಲೆ ನಿಜವಾದ ನೋವು ಬಾಯಿಗೆ ಬಂತು: "ಯಾರಿಂದ ಬಂತು ಅಂತ ದಿನಾ ಕೇಳ್ತಾರೆ."

ಆಕೆ ಒಪ್ಪಿದ ಮೇಲೆ ಗಂಡನನ್ನು ಒಳಗೆ ಕರೆದೆ. ಈ ವೈರಸ್ ದೊಡ್ಡವರಿಗೆ ತಗುಲಿದರೆ 100ರಲ್ಲಿ 95 ಮಂದಿಗೆ ತಾನಾಗೇ ಹೋಗುತ್ತದೆ. ಎಳೆಕೂಸಿಗೆ ತಗುಲಿದರೆ 100ರಲ್ಲಿ ಸುಮಾರು 90ರಲ್ಲಿ ಉಳಿದುಬಿಡುತ್ತದೆ, ಸದ್ದಿಲ್ಲದೆ, ವರ್ಷಗಟ್ಟಲೆ. ಈಕೆಗೆ ಹುಟ್ಟುವಾಗ ತನ್ನ ತಾಯಿಯಿಂದಲೇ ಬಂದಿರಬಹುದು. "ನಿಮ್ಮಿಂದಲೂ ಬಂದಿರಬಹುದು. ನಿಮಗೂ ಏನೂ ಆಗಿಲ್ಲ ಅಲ್ವಾ? ಪರೀಕ್ಷೆ ಮಾಡಿಸಿದ್ದೀರಾ?" ಅಂದೆ. ಆಗ ಅವರ ಮುಖ ಕಿಟಕಿಯಿಂದ ಈ ಕಡೆ ತಿರುಗಿತು.

ಲೋಟ, ತಟ್ಟೆ, ಒಟ್ಟಿಗೆ ಊಟ, ಇವುಗಳಿಂದ ಹರಡಲ್ಲ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಮೈಯಿಂದ ಹೊರಗೂ ಕನಿಷ್ಠ ಏಳು ದಿನ ಬದುಕಿರಬಲ್ಲದು. ಉಗುರು ಕತ್ತರಿಸೋದು ಯಾವುದರಲ್ಲಿ ಅಂತ ಕೇಳಿದೆ. ಬೀಗದ ಕೈ ಗೊಂಚಲಲ್ಲಿ ಒಂದೇ ನೇಲ್ ಕಟರ್, ಮನೆಮಂದಿಗೆಲ್ಲ ಅದೇ! ಲೋಟಕ್ಕೆ ಕಾವಲು, ಕಟರ್‌ಗೆ ಯಾರೂ ಇಲ್ಲ.

ಹೇಳಿದ್ದು ಇಷ್ಟು. ನೇಲ್ ಕಟರ್, ಬ್ಲೇಡು, ಬ್ರಷ್ಷು ಬೇರೆ ಇರಲಿ. ಮನೆಯವರೆಲ್ಲ ಪರೀಕ್ಷೆ ಮಾಡಿಸಿ, ಇಲ್ಲದವರು ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳಿ. ಗಂಡನ ಲಸಿಕೆ ಮುಗಿಯುವವರೆಗೆ ಕಾಂಡೋಮ್ ಬಳಸಿ. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಡಾಕ್ಟರ್ ನೋಡಲಿ, ಜಾಸ್ತಿ ಇದ್ದರೆ ಮಾತ್ರೆ ಕೊಡುತ್ತಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಇದು ಉಚಿತ. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಲಸಿಕೆ, ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ) ಚುಚ್ಚುಮದ್ದು. ಎದೆಹಾಲು ಧಾರಾಳವಾಗಿ ಕೊಡಬಹುದು. ಇದನ್ನು ಎರಡು ಸಲ ಹೇಳಿಸಿಕೊಂಡರು.

ಮೂರು ವಾರದ ಮೇಲೆ ಬಂದರು. ಗಂಡನಿಗೆ ಇಲ್ಲ, ಮೊದಲ ಡೋಸ್ ಆಗಿದೆ. ತವರಿನಲ್ಲಿ ಅಮ್ಮನಿಗೆ ಪಾಸಿಟಿವ್, ಅವರಿಗೂ ಇಷ್ಟು ವರ್ಷ ಏನೂ ಗೊತ್ತಾಗಿರಲಿಲ್ಲ. "ನನ್ನಿಂದಲೇ ಆಯ್ತಾ ಅಂತ ಅಳ್ತಾ ಇದ್ದಾರೆ ಮೇಡಂ." ಅವರನ್ನೂ ಕರೆದುಕೊಂಡು ಬನ್ನಿ ಅಂದೆ.

ಹೊಸ ನೇಲ್ ಕಟರ್ ಬಂದಿದೆಯಂತೆ. ಲೋಟದ ಚುಕ್ಕಿ ಇನ್ನೂ ಹೋಗಿಲ್ಲ. ಅತ್ತೆಯನ್ನೂ ಒಮ್ಮೆ ಕೂರಿಸಿ ಮಾತಾಡಬೇಕು.