ಸಂಪಾದಕರ ಉತ್ತರ: ‘ನೀನು ಬಿಡಮ್ಮ, ಹುಡುಗರು ಮಾಡ್ತಾರೆ’

ಡೊಂಬಿವಲಿಯ ಓದುಗರೊಬ್ಬರು ನಾಲ್ಕು ಹಾಳೆ ತುಂಬಾ ಪತ್ರ ಬರೆದಿದ್ದಾರೆ. ಮುಂಬಯಿಯ ಒಂದು ಪಾಲಿಟೆಕ್ನಿಕ್‌ನಲ್ಲಿ 31 ವರ್ಷ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಆಗಿದ್ದು ನಿವೃತ್ತರಾದವರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹುಡುಗಿಯರಿಗೆ, ಬಡವರ ಮಕ್ಕಳಿಗೆ, ಅಂಗವಿಕಲರಿಗೆ ಇನ್ನೂ ಜಾಗ ಮಾಡಿಕೊಡಬೇಕು ಎಂದು ಹೋದ ಸಂಚಿಕೆಯಲ್ಲಿ ನಾವು ಬರೆದದ್ದು ಅವರಿಗೆ ಸಿಟ್ಟು ತರಿಸಿದೆ. ಪತ್ರದ ಸಾರ ಇಷ್ಟು. ಹುಡುಗಿಯರಿಗೆ ಬೇರೆ ಸೀಟು ಇಟ್ಟದ್ದರಿಂದ ಮೊಮ್ಮಗನಿಗೆ ಐಐಟಿ ತಪ್ಪಿತು. ಸೇತುವೆಗೆ, ಮೆಷಿನ್‌ಗೆ ಜಾತಿ, ಭಾಷೆ, ಗಂಡು ಹೆಣ್ಣು ಗೊತ್ತಿಲ್ಲ. ವಿಶ್ವೇಶ್ವರಯ್ಯನವರು ಯಾರ ನೆರವೂ ಇಲ್ಲದೆ ಬೀದಿ ದೀಪದ ಕೆಳಗೆ ಓದಿ ಮೇಲೆ ಬಂದರು. ಕೊನೆಗೆ ಈ ಮಾತು: “ನನ್ನ ಶಾಪ್‌ನಲ್ಲಿ ನಾನು ಯಾವತ್ತೂ ಭೇದ ಮಾಡಿದವನಲ್ಲ. ಹೆಣ್ಣುಮಕ್ಕಳನ್ನು ಲೇತ್ (ರಾಡ್ ತಿರುಗಿಸಿ ಕಡೆಯುವ ಮೆಷಿನ್) ಹತ್ತಿರ ನಿಲ್ಲಲೂ ಬಿಟ್ಟಿಲ್ಲ. ಅವರ ಜಾಬ್ (ಮಾಡಿ ತೋರಿಸಬೇಕಾದ ತುಂಡು) ಹುಡುಗರ ಕೈಲಿ ಮಾಡಿಸಿ ಪೂರ್ತಿ ಮಾರ್ಕು ಕೊಟ್ಟಿದ್ದೇನೆ. ಇದರಲ್ಲಿ ತಾರತಮ್ಯ ಎಲ್ಲಿದೆ, ಹೇಳಿ.”

ರಾಯರೇ, ನಮಸ್ಕಾರ.

ಪತ್ರ ಮೂರು ಸಲ ಓದಿದೆ. ಸಿಟ್ಟಿನಲ್ಲೂ ಇಷ್ಟು ದುಂಡಗೆ ಬರೆಯುವವರು ಈಗ ಕಡಿಮೆ. ಆ ಅಕ್ಷರ ನೋಡಿದರೇನೇ ಡ್ರಾಯಿಂಗ್ ಶೀಟಿನ ಮೇಲೆ ಕೈ ಪಳಗಿದವರು ಎಂದು ಗೊತ್ತಾಗುತ್ತದೆ.

ಮೊಮ್ಮಗನ ವಿಷಯ ಮೊದಲು ಮುಗಿಸಿಬಿಡೋಣ. ಐಐಟಿಗಳಲ್ಲಿ 2018ರಿಂದ ಹುಡುಗಿಯರಿಗೆ ಕೊಡುತ್ತಿರುವುದು ಹೆಚ್ಚುವರಿ ಸೀಟು. ಇದ್ದ ಬೆಂಚಿನಿಂದ ಯಾರನ್ನೂ ಎಬ್ಬಿಸಿಲ್ಲ, ಪಕ್ಕದಲ್ಲಿ ಇನ್ನೊಂದು ಬೆಂಚು ಹಾಕಿದ್ದಾರೆ. ಅದಕ್ಕೂ ಮೊದಲು ಅಲ್ಲಿ ನೂರಕ್ಕೆ ಎಂಟರ ಆಸುಪಾಸು ಹುಡುಗಿಯರಿದ್ದರು. 2018ಕ್ಕೆ 14, 2019ಕ್ಕೆ 17, 2020ಕ್ಕೆ 20 ಎಂದು ಗುರಿ ಇಟ್ಟು ಏರಿಸಿದರು. ಹುಡುಗರ ಪಾಲಿನದು ಹಾಗೇ ಇದೆ. ಮೊಮ್ಮಗನಿಗೆ ಸೀಟು ತಪ್ಪಿದ್ದು ಆ ಬೆಂಚಿನಿಂದಲ್ಲ, ಅವನಿಗಿಂತ ಮುಂದಿನ ರ್‍ಯಾಂಕಿನವರಿಂದ. ಇದನ್ನು ಅವನಿಗೆ ಈಗಲೇ ಹೇಳಬೇಡಿ, ಪಾಪ, ಮೊದಲೇ ಬೇಜಾರಲ್ಲಿರುತ್ತಾನೆ.

ಇನ್ನು ವಿಶ್ವೇಶ್ವರಯ್ಯನವರು. ಬೀದಿ ದೀಪದ ಕಥೆ ನಾವೆಲ್ಲ ಶಾಲೆಯಲ್ಲಿ ಕೇಳಿದವರೇ. ಅದರ ಮುಂದಿನದನ್ನು ಯಾರೂ ಹೇಳುವುದಿಲ್ಲ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡಿದ್ದರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು 1881ರಲ್ಲಿ ಬಿಎ ಮುಗಿಸಿದರು. ಎಂಜಿನಿಯರಿಂಗ್‌ಗೆ ದುಡ್ಡೆಲ್ಲಿಂದ ಬರಬೇಕು? ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು, ಪುಣೆಯ ಕಾಲೇಜ್ ಆಫ್ ಸೈನ್ಸ್‌ಗೆ ಬಂದರು, 1883ರ ಪರೀಕ್ಷೆಯಲ್ಲಿ ಮೊದಲಿಗರಾದರು. ಬುದ್ಧಿ ಅವರದು, ಖರ್ಚು ಸರ್ಕಾರದ್ದು. ಇನ್ನೊಂದನ್ನೂ ಹೇಳದಿದ್ದರೆ ನಾನು ಕಳ್ಳನಾಗುತ್ತೇನೆ. ಅವರೇ ದಿವಾನರಾಗಿದ್ದಾಗ, ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ಮಾತು ಬಂತು. ಅವರು ಒಪ್ಪಲಿಲ್ಲ. 1918ರಲ್ಲಿ ಮಹಾರಾಜರು ಅದಕ್ಕೆಂದೇ ಮಿಲ್ಲರ್ ಸಮಿತಿ ನೇಮಿಸಿದರು, ಇವರು ದಿವಾನಗಿರಿ ಬಿಟ್ಟರು. ಈ ಒಂದು ಪಾಯಿಂಟ್ ನಿಮ್ಮ ಕಡೆಗೆ, ಇಟ್ಟುಕೊಳ್ಳಿ. ನನಗೇನೋ ಅಲ್ಲಿ ಮಹಾರಾಜರೇ ಸರಿ ಅನ್ನಿಸುತ್ತದೆ.

ಸೇತುವೆಗೆ, ಮೆಷಿನ್‌ಗೆ ಏನೂ ಗೊತ್ತಿಲ್ಲ ಎಂದಿರಿ. ಒಪ್ಪಿದೆ. ಆದರೆ ಅದನ್ನು ಮಾಡುವವನಿಗೆ ಗೊತ್ತಿರಬೇಕಲ್ಲ ಮಾರಾಯ್ರೇ. ಕೊರೊನಾ ಕಾಲದಲ್ಲಿ ಮನೆಮನೆಗೂ ಆಕ್ಸಿಮೀಟರ್ ತಂದೆವು. ಕಪ್ಪು ಚರ್ಮದವರ ಬೆರಳಿಗೆ ಹಾಕಿದರೆ ಅದು ಕೆಲವು ಸಲ ಆಮ್ಲಜನಕವನ್ನು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ ಎಂದು ಅಮೆರಿಕದ ವೈದ್ಯರು 2020ರಲ್ಲಿ ಲೆಕ್ಕ ಸಮೇತ ಬರೆದರು. ಅಷ್ಟು ದೂರ ಯಾಕೆ, ನಮ್ಮ ಲೋಕಲ್ ಟ್ರೇನನ್ನೇ ನೋಡಿ. ಪ್ಲಾಟ್‌ಫಾರ್ಮಿಗೂ ಫುಟ್‌ಬೋರ್ಡಿಗೂ ನಡುವೆ ಒಂದು ಸಂದು ಇತ್ತು. ಅದು ದಿನಾ ಗೊತ್ತಾಗುತ್ತಿದ್ದದ್ದು ಸೀರೆ ಉಟ್ಟವರಿಗೆ, ಬಸುರಿಯರಿಗೆ, ಊರುಗೋಲು ಹಿಡಿದವರಿಗೆ. ಹಾರಿ ಹತ್ತುವ ಹುಡುಗರಿಗೆ ಅದೊಂದು ವಿಷಯವೇ ಅಲ್ಲ. 2014ರಲ್ಲಿ ಘಾಟ್‌ಕೋಪರ್‌ನಲ್ಲಿ ದೊಡ್ಡ ಅಪಘಾತವಾಯಿತು. ಹೈಕೋರ್ಟು ಗದರಿಸಿತು. ಆಮೇಲೆ ಪ್ಲಾಟ್‌ಫಾರ್ಮುಗಳನ್ನು 900 ಮಿಲಿಮೀಟರಿಗೆ ಎತ್ತರಿಸುವ ಕೆಲಸ ಜೋರಾಯಿತು. ಡ್ರಾಯಿಂಗ್ ಟೇಬಲ್ಲಿನ ಹತ್ತಿರ ಸೀರೆ ಉಟ್ಟವರೊಬ್ಬರು ಕೂತಿದ್ದರೆ ಕೋರ್ಟಿನ ತನಕ ಹೋಗಬೇಕಿತ್ತೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಈಗ ಕೊನೇ ಮಾತಿಗೆ ಬರುತ್ತೇನೆ. ನಿಜ ಹೇಳಬೇಕೆಂದರೆ ಇಷ್ಟುದ್ದ ಉತ್ತರಕ್ಕೆ ಕೂತದ್ದೇ ಅದಕ್ಕಾಗಿ.

ನನ್ನ ಅಕ್ಕನ ಮಗಳು ಮೆಕ್ಯಾನಿಕಲ್ ಓದಿದವಳು. ಯಾವ ಕಾಲೇಜು ಅಂತ ಬೇಡ, ಇದೇ ಊರಿನದು. ಕ್ಲಾಸಿನಲ್ಲಿ ನಾಲ್ಕೇ ಹುಡುಗಿಯರು. ವರ್ಕ್‌ಶಾಪಿನ ಮೊದಲ ದಿನ ಖಾಕಿ ಏಪ್ರನ್ ಹಾಕಿಕೊಂಡು, ಜಡೆ ಸುತ್ತಿ ಕ್ಯಾಪಿನೊಳಗೆ ಸಿಕ್ಕಿಸಿಕೊಂಡು ಹೋಗಿದ್ದಳು. ಹೊಸ ಬೂಟು ಬೇರೆ. ಲೇತ್‌ನ ಹಿಡಿಕೆಗೆ, ಅಂದರೆ ಚಕ್‌ಗೆ, ಎಂಎಸ್ (ಮೆದು ಉಕ್ಕು) ರಾಡ್ ಕಟ್ಟಿತ್ತು. ಮೊದಲು ತುದಿ ಸಮ ಮಾಡುವ ಫೇಸಿಂಗ್, ಆಮೇಲೆ ಒಂದು ಕಡೆ ಮೆಟ್ಟಿಲಿನ ಹಾಗೆ ಕಡೆಯುವ ಸ್ಟೆಪ್ ಟರ್ನಿಂಗ್, ಇನ್ನೊಂದು ಕಡೆ ಹಿಡಿತಕ್ಕೆ ಗೀರು ಹಾಕುವ ನರ್ಲಿಂಗ್. ನಿಮಗೆ ಹೇಳಬೇಕೇ. ಇವಳ ಸರದಿ ಬಂತು. ಇನ್‌ಸ್ಟ್ರಕ್ಟರ್ ಬಹಳ ಒಳ್ಳೆಯವರು, ಅಪ್ಪನ ವಯಸ್ಸು. ‘ನೀನು ಬಿಡಮ್ಮ, ಹುಡುಗರು ಮಾಡ್ತಾರೆ. ನೀನು ಜರ್ನಲ್ ನೀಟಾಗಿ ಬರಿ’ ಎಂದು ಮರಾಠಿಯಲ್ಲಿ ಹೇಳಿದರು. ಅವಳು ಪಕ್ಕಕ್ಕೆ ಸರಿದು ನಿಂತಳು. ಬಿಸಿ ಚೂರು ಸುರುಳಿ ಸುರುಳಿಯಾಗಿ ಟ್ರೇಗೆ ಬೀಳುವುದನ್ನು ನೋಡುತ್ತಾ ಆ ಟರ್ಮ್ ಮುಗಿಯಿತು. 25ಕ್ಕೆ 23 ಮಾರ್ಕು ಬಂತು. ಮುಟ್ಟದ ಜಾಬಿಗೆ.

ಓದು ಮುಗಿಸಿ ಪುಣೆ ಹತ್ತಿರದ ಚಾಕಣದ ಒಂದು ಕಾರ್ಖಾನೆಗೆ ಟ್ರೇನಿಯಾಗಿ ಸೇರಿದಳು. ಮೊದಲನೇ ವಾರ ಲೈನಿನ ಆಪರೇಟರ್ ದಪ್ಪ ಅಳೆಯುವ ಮೈಕ್ರೋಮೀಟರ್ ಕೈಗೆ ಕೊಟ್ಟು ‘ಮೇಡಂ, ಒಂದ್ಸಲ ಚೆಕ್ ಮಾಡಿ’ ಅಂದ. ಇವಳು ಅದರ ತಿರುಗುವ ಕೊಳವೆ, ಥಿಂಬಲ್, ಹಿಡಿದು ನಲ್ಲಿ ಬಿಗಿ ಮಾಡಿದ ಹಾಗೆ ತಿರುಗಿಸಿದಳು. ಹಿಂದಿನ ರ್‍ಯಾಚೆಟ್ ಮುಟ್ಟಲೇ ಇಲ್ಲ, ಅತಿಯಾಗಿ ಬಿಗಿಯಾಗದ ಹಾಗೆ ತಡೆಯುವ ತಿರುಪು ಅದು. ಅಳತೆ ತಪ್ಪು ಬಂತು. ಸುತ್ತ ಇದ್ದವರು ನಗಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು ಅಷ್ಟೆ. ಹುಡುಗಿಯರು ಅಂದರೆ ಹೀಗೇ ಅನ್ನುವ ನೋಟ. ಆ ನೋಟವನ್ನು ಅವಳಿಗೆ ಗಳಿಸಿಕೊಟ್ಟದ್ದು ಆ 23 ಮಾರ್ಕು, ರಾಯರೇ.

ಪುಣ್ಯಕ್ಕೆ ಆ ಆಪರೇಟರ್ ವಿಜಯಪುರದ ಕಡೆಯವ. ಇವಳು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿಸಿಕೊಂಡಿದ್ದ. ಊಟದ ಹೊತ್ತಿನಲ್ಲಿ ಕರೆದು, ‘ಹಿಂಗ್ ಹಿಡೀರಿ ಅಕ್ಕಾರ, ಟಕ್ ಟಕ್ ಅಂತ ಮೂರು ಸರ್ತಿ ಸಪ್ಪಳ ಬರೂತನ ತಿರುಗಿಸ್ರಿ, ಅಷ್ಟ ಸಾಕು’ ಎಂದು ತೋರಿಸಿಕೊಟ್ಟ. ಐದು ನಿಮಿಷದ ಕೆಲಸ.

ಲೇತ್ ಅಪಾಯ ಎಂದು ನೀವು ಹೇಳುತ್ತೀರಿ, ಗೊತ್ತು. ಸುಳ್ಳಲ್ಲ. ರಾಡ್ ಬಿಗಿ ಮಾಡುವ ಚಕ್ ಕೀ ತೆಗೆಯದೆ ಮೆಷಿನ್ ಆನ್ ಮಾಡಿದರೆ ಅದು ಗುಂಡಿನ ಹಾಗೆ ಹಾರುತ್ತದೆ. ದುಪಟ್ಟಾ, ಜಡೆ, ಸಡಿಲ ತೋಳು, ಉಂಗುರ, ಏನು ಸಿಕ್ಕರೂ ಎಳೆದುಕೊಳ್ಳುತ್ತದೆ. ಆದರೆ ಚಕ್ ಕೀ ಹುಡುಗನೋ ಹುಡುಗಿಯೋ ಎಂದು ನೋಡಿ ಹಾರುವುದಿಲ್ಲ ಅಲ್ವಾ? ಮೆಷಿನ್‌ಗೆ ಗಂಡು ಹೆಣ್ಣು ಗೊತ್ತಿಲ್ಲ ಎಂದದ್ದು ನೀವೇ.

ನಿಮ್ಮೊಬ್ಬರನ್ನೇ ದೂರುತ್ತಿಲ್ಲ. ಈ ಒಳ್ಳೆಯತನ ಹಳೆಯದು. 1948ರ ಕಾರ್ಖಾನೆ ಕಾಯ್ದೆಯೇ ಹೆಂಗಸರ ಕೆಲಸ ಬೆಳಿಗ್ಗೆ 6ರಿಂದ ಸಂಜೆ 7ರ ಒಳಗೆ ಎಂದಿತ್ತು. ರಕ್ಷಣೆ ಅಂತ. 1974ರಲ್ಲಿ ಟಾಟಾದವರ ಟೆಲ್ಕೊ ಕಂಪನಿ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕುವುದು ಬೇಡ ಎಂದಿತ್ತು. ಹುಬ್ಬಳ್ಳಿಯಲ್ಲಿ ಬಿಇ ಮಾಡಿ ಬೆಂಗಳೂರಿನಲ್ಲಿ ಓದುತ್ತಿದ್ದ ಸುಧಾ ಮೂರ್ತಿಯವರು, ಆಗಿನ್ನೂ ಕುಲಕರ್ಣಿ, ನೇರ ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಹಾಕಿದರು. ಪುಣೆಗೆ ಸಂದರ್ಶನಕ್ಕೆ ಕರೆ ಬಂತು. ಅಲ್ಲಿ ಸಿಕ್ಕ ಉತ್ತರವನ್ನು ಅವರೇ ಹೇಳಿಕೊಂಡಿದ್ದಾರೆ: ಶಾಪ್ ಫ್ಲೋರ್‌ನಲ್ಲಿ ಇದುವರೆಗೆ ಹೆಂಗಸರನ್ನು ತೆಗೆದುಕೊಂಡಿಲ್ಲ. ತೆಗೆದುಕೊಂಡರೆ ತಾನೇ ಇರುವುದು! ಕೊನೆಗೆ ತೆಗೆದುಕೊಂಡರು.

ಹುಡುಗಿಯರದಷ್ಟೇ ಹೇಳಿ ನಿಲ್ಲಿಸಿದರೆ ತಪ್ಪಾಗುತ್ತದೆ. ಭಾಷೆಯ ಬಗ್ಗೆ ನನ್ನದೇ ಕಥೆ ಇದೆ. ಫೋರ್ಟಿನ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಾ ಕನ್ನಡ ರಾತ್ರಿಶಾಲೆಯಲ್ಲಿ ಎಸ್‌ಎಸ್‌ಸಿ ಮುಗಿಸಿದವನು ನಾನು. ಹೇಗೋ ಡಿಪ್ಲೊಮಾ ಸೀಟು ಸಿಕ್ಕಿತು. ಡ್ರಾಯಿಂಗ್ ಕ್ಲಾಸಿನಲ್ಲಿ ಮೇಷ್ಟ್ರು ಇಂಗ್ಲಿಷಿನಲ್ಲಿ ‘ಎಲಿವೇಶನ್ ಬರಿ’ ಅಂದರು. ಎಲಿವೇಶನ್ ಅಂದರೆ ಎತ್ತರ ಎಂದುಕೊಂಡು ನಾನು ಸ್ಕೇಲಿಟ್ಟು ಅಳೆದು ಬರೀ ಒಂದು ಉದ್ದ ಗೆರೆ ಎಳೆದೆ. ಶೀಟಿನ ಮೇಲೆ ಕೆಂಪು ಪೆನ್ಸಿಲು ಬಿತ್ತು. ಎರಡು ತಿಂಗಳು ಹೀಗೇ.

ಅಲ್ಲಿ ಒಬ್ಬ ಸಿಪಾಯಿ, ಅಂದರೆ ಪ್ಯೂನ್, ಇದ್ದ, ಕೊಂಕಣದವ. ಒಂದು ದಿನ ಕಟಿಂಗ್ ಚಾ ತಂದು ಕೊಟ್ಟು, ಕುಡಿದ ಮೇಲೆ ಆ ಗ್ಲಾಸನ್ನೇ ನನ್ನ ಶೀಟಿನ ಮೇಲೆ ಇಟ್ಟ. ‘ಮುಂದಿನಿಂದ ನೋಡು. ಮೇಲೆ ಅಗಲ, ಕೆಳಗೆ ಸಪೂರ. ಅದು ಎಲಿವೇಶನ್. ಈಗ ಎದ್ದು ನಿಂತು ಮೇಲಿನಿಂದ ನೋಡು. ಒಂದು ದೊಡ್ಡ ರೌಂಡು, ಒಳಗೆ ಒಂದು ಸಣ್ಣ ರೌಂಡು. ಅದು ಪ್ಲಾನ್. ಮುಂದಿನಿಂದ ಕಂಡದ್ದನ್ನು ಮೇಲೆ ಬರಿ, ಮೇಲಿನಿಂದ ಕಂಡದ್ದನ್ನು ಕೆಳಗೆ ಬರಿ. ಯಾಕೆ ಅಂತ ಕೇಳಬೇಡ, ಅದು ಹಾಗೇ.’ ಫಸ್ಟ್ ಆಂಗಲ್ ಪ್ರೊಜೆಕ್ಷನ್ನನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಇನ್ನೂ ಕಂಡಿಲ್ಲ. ಲೆಕ್ಕವಿಲ್ಲದಷ್ಟು ಗ್ಲಾಸು ತೊಳೆದವನು ನಾನು, ಒಂದನ್ನೂ ಹಾಗೆ ನೋಡಿರಲಿಲ್ಲ. ಡ್ರಾಯಿಂಗ್ ಪಾಸಾಯಿತು. ಗಣಿತ ಪಾಸಾಗಲಿಲ್ಲ, ಅದಕ್ಕೇ ಈ ಕುರ್ಚಿಯಲ್ಲಿ ಕೂತು ನಿಮಗೆ ಉತ್ತರ ಬರೆಯುತ್ತಿದ್ದೇನೆ.

ಮಟ್ಟ ಇಳಿಯುತ್ತದೆ ಎಂದು ಎರಡು ಕಡೆ ಬರೆದಿದ್ದೀರಿ. ಆ ಸಿಪಾಯಿ ಯಾವ ಮಟ್ಟ ಇಳಿಸಿದ? ಪೇಪರ್ ಅದೇ, ಪಾಸ್ ಮಾರ್ಕು ಅದೇ.

ಈಗ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್ 2021ರಿಂದ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯುತ್ತದೆ. ಪಿಂಪ್ರಿ ಚಿಂಚವಾಡದ ಒಂದು ಕಾಲೇಜು ಕಂಪ್ಯೂಟರ್ ಎಂಜಿನಿಯರಿಂಗನ್ನು ಮರಾಠಿಯಲ್ಲೇ ಶುರು ಮಾಡಿತು. ನಾಲ್ಕೂ ವರ್ಷ ಕನ್ನಡದಲ್ಲೇ ಕಲಿಸಿ ಎಂದು ನಾನು ಹಟ ಮಾಡುವುದಿಲ್ಲ. ಮುಂದೆ ಕೆಲಸಕ್ಕೆ ಇಂಗ್ಲಿಷ್ ಬೇಕೇ ಬೇಕು. ಆದರೆ ಮೊದಲ ಆರು ತಿಂಗಳು ಗ್ಲಾಸು ಹಿಡಿದು ತೋರಿಸುವವರೊಬ್ಬರು ಬೇಕು. ಹಾಗೆಯೇ ಬೆನ್ನ ಹಿಂದೆ ಗುಸುಗುಸು ಮಾಡದವರೂ ಬೇಕು. ಪವಾಯಿಯ ಐಐಟಿಯಲ್ಲಿ 2023ರಲ್ಲಿ ‘ಬೇರೆಯವರ ಪ್ರವೇಶದ ರ್‍ಯಾಂಕ್ ಕೇಳಬೇಡಿ’ ಎಂದು ವಿದ್ಯಾರ್ಥಿಗಳಿಗೆ ಸೂಚನೆ ಕೊಡಬೇಕಾಯಿತು. ರ್‍ಯಾಂಕ್ ಕೇಳುವುದು ಅಂದರೆ ಜಾತಿ ಕೇಳುವ ನಾಜೂಕು ದಾರಿ ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಒಂದು ವಿಷಯದಲ್ಲಿ ನಾನು ನಿಮ್ಮ ಜೊತೆ. ಮಾರ್ಚ್ 8ಕ್ಕೆ ಗುಲಾಬಿ ಹಂಚಿ, ಕಾಲೇಜಿನ ಬ್ರೋಷರಿನಲ್ಲಿ ಹೆಲ್ಮೆಟ್ ಹಾಕಿದ ಹುಡುಗಿಯ ಫೋಟೊ ಹಾಕಿ, ವರ್ಕ್‌ಶಾಪಿನ ಹತ್ತಿರ ಹೆಂಗಸರಿಗೆ ಒಂದು ಶೌಚಾಲಯ ಕಟ್ಟಿಸದವರನ್ನು ನೀವು ಎರಡು ಬೈದರೆ ನಾನು ನಾಲ್ಕು ಬೈಯುತ್ತೇನೆ. ಅಂಗವಿಕಲರಿಗೆ 2016ರ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ನೂರಕ್ಕೆ 5 ಸೀಟು ಕೊಟ್ಟಿದೆ. ಡ್ರಾಯಿಂಗ್ ಹಾಲ್ ಮೂರನೇ ಮಹಡಿಯಲ್ಲಿದ್ದು ಲಿಫ್ಟ್ ಕೆಟ್ಟಿದ್ದರೆ ಆ ಸೀಟು ಹಿಡಿದು ಏನು ಮಾಡುವುದು?

ಇದನ್ನು ಓದುತ್ತಿರುವ ತಂದೆ ತಾಯಂದಿರಿಗೆ ಎರಡು ಮಾತು, ಅಡ್ಡ ಬಂದದ್ದಕ್ಕೆ ಕ್ಷಮಿಸಿ. ವರ್ಷಕ್ಕೆ 8 ಲಕ್ಷದ ಒಳಗೆ ಆದಾಯ ಇರುವ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲರು), ಒಬಿಸಿ, ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರು) ಮನೆಗಳ ಹುಡುಗಿಯರಿಗೆ 2024-25ರಿಂದ ಮಹಾರಾಷ್ಟ್ರ ಸರ್ಕಾರ ಎಂಜಿನಿಯರಿಂಗ್‌ನಂಥ ಕೋರ್ಸುಗಳ ಟ್ಯೂಷನ್ ಫೀ, ಪರೀಕ್ಷಾ ಫೀ ಎರಡನ್ನೂ ಪೂರ್ತಿ ಮನ್ನಾ ಮಾಡಿದೆ. ಸೀಟು ಸರ್ಕಾರದ ಕೇಂದ್ರೀಕೃತ ಪ್ರವೇಶದ ಕ್ಯಾಪ್ ರೌಂಡಿನಲ್ಲಿ ಸಿಕ್ಕಿರಬೇಕು, ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇಲ್ಲ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಹುಡುಗಿಯರಿಗೆ ಕೊಡುವ ಪ್ರಗತಿ ವಿದ್ಯಾರ್ಥಿವೇತನ ಬೇರೆ ಇದೆ, ವರ್ಷಕ್ಕೆ 50,000 ರೂಪಾಯಿ. ನಮ್ಮವರು ಸಾಮಾನ್ಯವಾಗಿ ಎಡವುವುದು ಡೊಮಿಸೈಲ್ (ರಾಜ್ಯದ ನಿವಾಸಿ ಎನ್ನುವ) ಮತ್ತು ಆದಾಯದ ದಾಖಲೆಯಲ್ಲಿ. ರಿಸಲ್ಟ್ ಬರುವ ತನಕ ಕಾಯಬೇಡಿ, ಮೊದಲೇ ಮಾಡಿಸಿಡಿ.

ರಾಯರೇ, ಮನೆಯಲ್ಲಿ ಸುಮ್ನೆ ಕೂತು ಬೇಜಾರು, ಹಳೆಯ ವರ್ನಿಯರ್, ಮೈಕ್ರೋಮೀಟರ್ ಪೆಟ್ಟಿಗೆಯಲ್ಲೇ ತುಕ್ಕು ಹಿಡಿಯುತ್ತಿದೆ ಎಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಭಾನುವಾರ ಬೆಳಿಗ್ಗೆ ನಮ್ಮ ಕಚೇರಿಯ ಮೇಲಿನ ಕೋಣೆಯಲ್ಲಿ ಡಿಪ್ಲೊಮಾ, ಬಿಇ ಮೊದಲ ವರ್ಷದ ಏಳೆಂಟು ಮಕ್ಕಳು ಸೇರುತ್ತಾರೆ. ಅದರಲ್ಲಿ ಮೂವರು ಹುಡುಗಿಯರು. ಲೇತ್ ತರಲು ನಮ್ಮಿಂದ ಆಗದು, ಮೆಟ್ಟಿಲು ಸಣ್ಣದು. ಪೆಟ್ಟಿಗೆ ತನ್ನಿ, ಒಂದಿಷ್ಟು ರಾಡ್ ತುಂಡು ತನ್ನಿ. ಅಕ್ಕನ ಮಗಳೂ ಚಾಕಣದಿಂದ ಬರುತ್ತೇನೆ ಎಂದಿದ್ದಾಳೆ. ಚಾ ನಮ್ಮದು, ಗ್ಲಾಸು ನಾನೇ ತೊಳೆಯುತ್ತೇನೆ.

— ಸಂಪಾದಕ