ಅಪ್ಪನಿಗೆ ಮಲದ ಡಿಎನ್‌ಎ ಟೆಸ್ಟ್ ಮಾಡಿಸಿದ್ರೆ ಸಾಕಾ, ಕೊಲೊನೋಸ್ಕೋಪಿ ಮಾಡಿಸ್ಲೇಬೇಕಾ?

ನಾನು ಕುಮಟೆಯಲ್ಲಿ ಲ್ಯಾಬ್ ಟೆಕ್ನಿಷಿಯನ್, ಡಾಕ್ಟರ್ ಅಲ್ಲ. ಆದ್ರೂ ನಿಮ್ಮ ಪ್ರಶ್ನೆಯ ಕೊನೇ ಸಾಲಲ್ಲೇ ಉತ್ತರ ಇದೆ ನೋಡಿ. ದೊಡ್ಡಪ್ಪನಿಗೆ 54ಕ್ಕೆ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು ಅಂದ್ರಿ, ಅಪ್ಪನಿಗೆ ಈಗ 58. ಒಡಹುಟ್ಟಿದವ್ರಿಗೆ 60ರ ಒಳಗೆ ಬಂದಿದ್ರೆ ಮಲದ ಟೆಸ್ಟ್ ಮೇಲೆ ನಿಲ್ಲೋದಲ್ಲ, ಸೀದಾ ಕೊಲೊನೋಸ್ಕೋಪಿನೇ (ಕ್ಯಾಮೆರಾ ಇರೋ ನಳಿಗೆ ಹಾಕಿ ದೊಡ್ಡ ಕರುಳು ನೋಡೋದು), ಅದೂ 40ಕ್ಕೇ ಶುರು ಮಾಡ್ಬೇಕಿತ್ತು. ಅವರು ಹೆದರ್ತಾರೆ ಅಂತ ದುಬಾರಿ ಡಿಎನ್‌ಎ ಕಿಟ್ ತರಿಸೋದು ಬೇಡ ಮಾರಾಯ್ರೆ.

ಅಮ್ಮನಿಗೆ ಬೇಕಾದ್ರೆ ಮಲದ ಟೆಸ್ಟ್ ಸರಿ, ಅವರ ಕಡೆ ಯಾರಿಗೂ ಇಲ್ಲ, ಅವರಿಗೂ ಏನೂ ತೊಂದ್ರೆ ಇಲ್ಲ ಅಂದ್ರಲ್ಲ. ಆದ್ರೆ ಲ್ಯಾಬಲ್ಲಿ ಬರೀ 'ಅಕಲ್ಟ್ ಬ್ಲಡ್' (ಮಲದಲ್ಲಿ ಕಣ್ಣಿಗೆ ಕಾಣದ ರಕ್ತ) ಅಂತ ಕೇಳ್ಬೇಡಿ, ಹಳೇ ಗ್ವಾಯಾಕ್ ಕಾರ್ಡೋ ಹೊಸ ಫಿಟ್ (FIT) ಟೆಸ್ಟೋ ಅಂತ ಕೇಳಿ. ಹಳೇದು ರಕ್ತದ ಹೀಮ್‌ಗೆ (ಹಿಮೊಗ್ಲೋಬಿನ್ನಿನ ಕಬ್ಬಿಣ ಇರೋ ಭಾಗ) ಬಣ್ಣ ಬದಲಾಗೋದು, ಹಿಂದಿನ ದಿನ ಮಟನ್ ತಿಂದಿದ್ರೂ ಪಾಸಿಟಿವ್ ಬರಬಹುದು, ವಿಟಮಿನ್ ಸಿ ಗುಳಿಗೆ ತಿಂತಿದ್ರೆ ರಕ್ತ ಇದ್ರೂ ನೆಗೆಟಿವ್ ತೋರಿಸ್ಬಹುದು. ಫಿಟ್ ಮನುಷ್ಯರ ಹಿಮೊಗ್ಲೋಬಿನ್ ಮಾತ್ರ ಹಿಡಿಯೋದು, ಊಟದ ಪಥ್ಯ ಇಲ್ಲ. ವರ್ಷಕ್ಕೊಂದ್ಸಲ ಮಾಡಿಸ್ಬೇಕು, ಯಾಕಂದ್ರೆ ಗಡ್ಡೆಯಿಂದ ದಿನಾ ರಕ್ತ ಬರೋದಿಲ್ಲ, ಈ ಸಲ ನೆಗೆಟಿವ್ ಬಂತು ಅಂತ ಮರೆತುಬಿಡೋ ಹಾಗಿಲ್ಲ.

ಸ್ಯಾಂಪಲ್ ವಿಷಯಕ್ಕೆ ಬಂದ್ರೆ, ಜನ ಜಾಮ್ ಬಾಟಲಿ ತುಂಬಾ ತರ್ತಾರೆ! ಅಷ್ಟೆಲ್ಲ ಬೇಡ. ಟ್ಯೂಬಿನ ಮುಚ್ಚಳಕ್ಕೇ ಒಂದು ಕಡ್ಡಿ ಇರ್ತದೆ, ತುದಿಯಲ್ಲಿ ಸಣ್ಣ ಗೀರುಗಳು, ಪೇಪರ್ ಹಾಸಿ ನೀರು ತಾಗದ ಹಾಗೆ ಹಿಡಿದು ಮಲದ ಮೇಲೆ ನಾಲ್ಕೈದು ಕಡೆ ಗೀಚಿ ಆ ಗೀರು ತುಂಬಿದ್ರೆ ಮುಗೀತು, ವಾಪಸ್ ಟ್ಯೂಬಿಗೆ ಹಾಕಿ ಒತ್ತಿ ಮುಚ್ಚಿ. ಮೂಲವ್ಯಾಧಿಯಿಂದ ರಕ್ತ ಹೋಗ್ತಿರೋ ದಿನ ತೆಗೀಬೇಡಿ. ಇನ್ನು ನಮ್ಮ ಏಪ್ರಿಲ್ ಮೇ ಸೆಖೆ ಗೊತ್ತಲ್ಲ, ಸ್ಯಾಂಪಲ್ ಬೈಕ್ ಡಿಕ್ಕಿಯಲ್ಲಿ ಮಧ್ಯಾಹ್ನದ ತನಕ ಕೂತ್ರೆ ಹಿಮೊಗ್ಲೋಬಿನ್ ಒಡೆದು ಹೋಗಿ ಸುಳ್ಳು ನೆಗೆಟಿವ್ ಬರಬಹುದು. ಕವರಲ್ಲಿ ಸುತ್ತಿ ಫ್ರಿಜ್ಜಲ್ಲಿಡಿ, ಅಮ್ಮ ಬೈದ್ರೂ ಪರ್ವಾಗಿಲ್ಲ.

ಡಿಎನ್‌ಎ ಟೆಸ್ಟ್ ಮೋಸ ಏನಲ್ಲ. ಗಡ್ಡೆಯಿಂದ ಉದುರೋ ಜೀವಕೋಶಗಳಲ್ಲಿ ಕೆಆರ್‌ಎಎಸ್ ಅನ್ನೋ ಜೀನಿನ ಬದಲಾವಣೆ, ಎನ್‌ಡಿಆರ್‌ಜಿ4, ಬಿಎಂಪಿ3 ಜೀನುಗಳ ಮೆಥೈಲೇಷನ್ (ಡಿಎನ್‌ಎ ಮೇಲೆ ಕೂರೋ ರಾಸಾಯನಿಕ ಗುರುತು) ನೋಡ್ತದೆ, ಜೊತೆಗೆ ಹಿಮೊಗ್ಲೋಬಿನ್ನೂ. ಅಮೆರಿಕದಲ್ಲಿ ಕೊಲೊಗಾರ್ಡ್ ಅಂತ 2014ರಲ್ಲಿ ಒಪ್ಪಿಗೆ ಸಿಕ್ಕಿತು. ಆಗಿನ ಸುಮಾರು 10,000 ಜನರ ಅಧ್ಯಯನದಲ್ಲಿ ಅದು ನೂರಕ್ಕೆ 92 ಕ್ಯಾನ್ಸರ್ ಹಿಡೀತು, ಫಿಟ್ 74. ಆದ್ರೆ ಕ್ಯಾನ್ಸರಾಗಲಿ ದೊಡ್ಡ ಪಾಲಿಪ್ಪಾಗಲಿ (ಮುಂದೆ ಕ್ಯಾನ್ಸರ್ ಆಗಬಹುದಾದ ಕರುಳಿನ ಒಳಗಿನ ಗಂಟು) ಇಲ್ಲದವ್ರಲ್ಲೂ ನೂರಕ್ಕೆ 13 ಮಂದಿಗೆ ಪಾಸಿಟಿವ್ ತೋರಿಸ್ತು, ಫಿಟ್ 5. ದೊಡ್ಡ ಪಾಲಿಪ್ ವಿಷಯದಲ್ಲಿ ಎರಡೂ ಅರ್ಧಕ್ಕಿಂತ ಜಾಸ್ತಿ ಬಿಟ್ಟಿವೆ, ನಿಮ್ಮ ಅಪ್ಪನಂಥವ್ರಿಗೆ ಹುಡುಕ್ಬೇಕಾದ್ದೇ ಅದನ್ನ! ಯಾವ ಮಲದ ಟೆಸ್ಟ್ ಪಾಸಿಟಿವ್ ಬಂದ್ರೂ ಮುಂದೆ ಕೊಲೊನೋಸ್ಕೋಪಿನೇ, 'ಇನ್ನೊಂದ್ಸಲ ನೋಡುವಾ' ಅಂತ ಅದನ್ನೇ ಮತ್ತೆ ಮಾಡಿಸ್ಕೊಂಡು ಕೂರೋದು ತಪ್ಪು.

ನಿಮ್ಮ ಅಂಕೋಲೆಯಿಂದ ಹುಬ್ಬಳ್ಳಿ, ಮಣಿಪಾಲ, ಗೋವಾದ ಬಾಂಬೋಳಿ ಯಾವುದು ಅನುಕೂಲವೋ ಅಲ್ಲಿ ಮೊದ್ಲೇ ಫೋನ್ ಮಾಡಿ ದಿನ ತಗೊಳ್ಳಿ. ರಕ್ತ ತೆಳು ಮಾಡೋ ಗುಳಿಗೆ ತಗೊಳ್ತಿದ್ರೆ ಆವಾಗ್ಲೇ ಹೇಳಿ. ಹುಬ್ಬಳ್ಳಿಗಾದ್ರೆ ಹೊಟ್ಟೆ ಖಾಲಿ ಮಾಡೋ ಔಷಧಿ ಕುಡಿಸಿ ದಾರಿಯಲ್ಲಿನ ಅರಬೈಲ್ ಘಾಟಿ ಹತ್ತಿಸ್ಬೇಡಿ, ಹಿಂದಿನ ದಿನವೇ ಹೋಗಿ ಸಂಡಾಸು ಒಳಗೇ ಇರೋ ರೂಮು ಮಾಡಿ, ಅಲ್ಲೇ ಕುಡಿಸಿ.